ಆ ಮಾತು ನನಗೆ ಹೇಳಬೇಕಿತ್ತು

ಭದ್ರಾವತಿಯಲ್ಲಿ ಪೊಲೀಸರು ನನ್ನನ್ನು ಜೀಪು ಹತ್ತಿಸಿದ ಮಧ್ಯಾಹ್ನ ನಾನು ರೇಷ್ಮೆ ಸೀರೆ ಉಟ್ಟಿದ್ದೆ. ನೆಂಟರ ಮನೆಯ ನಾಮಕರಣಕ್ಕೆಂದು ಶಿವಮೊಗ್ಗದಿಂದ ಹೊರಟವಳು ತೊಟ್ಟಿಲ ಕಡೆ ತಲೆಯನ್ನೂ ಹಾಕದೆ, ಮಾರ್ಕೆಟ್ಟಿನ ಹಿಂದಿನ ಒಂದು ಟೀ ಅಂಗಡಿಯ ಒಳಕೋಣೆಯಲ್ಲಿ ಕೂತು ಓಸಿ ಬರೆಸುತ್ತಿದ್ದೆ. ಬೇರೆ ಊರಿನವರು ಅದನ್ನು ಮಟ್ಕಾ ಅನ್ನುತ್ತಾರೆ. ಒಂದು ಅಂಕಿಯ ಮೇಲೆ ದುಡ್ಡು ಕಟ್ಟುವುದು, ಆ ಅಂಕಿ ಬಿತ್ತೋ ಇಲ್ಲವೋ ಎಂದು ಕಾಯುವುದು. ನಮ್ಮ ಕಡೆ ಅದಕ್ಕೆ ಓಸಿ ಎಂದೇ ಹೆಸರು.

ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಬೇಕಾದವರು ಬೇರೆ ಇದ್ದಾರೆ. ಅವರಲ್ಲಿ ಒಬ್ಬರಾದರೂ ಈವರೆಗೆ ನಾಚಿದ್ದನ್ನು ನಾನು ಕಂಡಿಲ್ಲವಾದ್ದರಿಂದ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ. ಅಪ್ಪನಿಗೆ ಪೇಪರ್ ಮಿಲ್ಲಿನಲ್ಲಿ ಕೆಲಸ. ಸಂಬಳದ ದಿನ ಎದುರು ಸಾಲಿನ ಯಾವುದಾದರೂ ಮನೆಯಲ್ಲಿ ಇಸ್ಪೀಟು ಶುರುವಾದರೆ ಅಪ್ಪ ನಮ್ಮ ಮನೆಯ ಕಿಟಕಿ ಮುಚ್ಚಿಸುತ್ತಿದ್ದರು. ಗೆದ್ದವನ ನಗು ಕಿವಿಗೆ ಬಿದ್ದರೂ ಮಕ್ಕಳು ಕೆಡುತ್ತವೆ ಎಂಬುದು ಅವರ ನಂಬಿಕೆ. ಆ ಮನೆಯಿಂದ ಬಂದವಳು ನಾನು. ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೂ ದಿನಾ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ ನನ್ನದೇ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದೆ. ಮೊದಲು ಟೈಪ್‌ರೈಟರುಗಳು, ಆಮೇಲೆ ಕಂಪ್ಯೂಟರುಗಳು. ಕೀಲಿಮಣೆ ನೋಡದೆ ಟೈಪು ಮಾಡುವುದನ್ನು ಊರಿನ ಅರ್ಧ ಗುಮಾಸ್ತರಿಗೆ ಕಲಿಸಿದವಳು ನಾನೇ ಎಂದು ನನ್ನ ಗಂಡ ನೆಂಟರ ಮುಂದೆ ಜಂಬ ಕೊಚ್ಚುತ್ತಿದ್ದರು. ಅವರು ಮಾಚೇನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಎರಕದ ಕೆಲಸದ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು. ಮಿತಭಾಷಿ, ಒಳ್ಳೆಯ ಮನುಷ್ಯ. ಒಳ್ಳೆಯವರು ಮಾಡುವ ತಪ್ಪು ಹೇಗಿರುತ್ತದೆ ಎಂದು ಮುಂದೆ ಹೇಳುತ್ತೇನೆ.

ಕಾಯಿಲೆ ಶುರುವಾದದ್ದು ಬಲಗೈಯ ಕಿರುಬೆರಳಿನಲ್ಲಿ. ಅದು ತನ್ನಷ್ಟಕ್ಕೆ ತಾನು ಅದುರುತ್ತಿತ್ತು. ಆಮೇಲೆ ಇಡೀ ಕೈ ಮಂದವಾಯಿತು. ವಿದ್ಯಾರ್ಥಿಗಳ ಮುಂದೆ ಟೈಪು ಮಾಡಿ ತೋರಿಸಲು ಕೂತರೆ ಬೆರಳು ನೀರಿನೊಳಗೆ ಆಡಿದಂತೆ ಆಡುತ್ತಿತ್ತು. ರವಿಕೆಯ ಹುಕ್ಕು ಹಾಕಿಕೊಳ್ಳಲು ಆಗದೆ ಕನ್ನಡಿ ಮುಂದೆ ಅತ್ತದ್ದೂ ಉಂಟು. ಶಿವಮೊಗ್ಗದಲ್ಲಿ ಒಬ್ಬ ಹಿರಿಯ ನರರೋಗ ತಜ್ಞರಿಗೆ ತೋರಿಸಿದೆವು. ಅವರು ನನ್ನ ಕೈ ಮಡಿಸಿ ಬಿಡಿಸಿ, ನಡೆಸಿ, ತಿರುಗಿಸಿ ನೋಡಿ, ಪಾರ್ಕಿನ್ಸನ್ ಎಂದರು. ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಕಡಿಮೆಯಾಗಿದೆ, ಅದಕ್ಕೇ ಹೀಗೆ, ಮಾತ್ರೆ ಇದೆ, ಹೆದರಬೇಡಿ ಎಂದರು. ಆಮೇಲೆ ನನ್ನ ಕಡೆ ನೋಡಿ, "ಅಮ್ಮಾ, ನೀವು ಸ್ವಲ್ಪ ಹೊರಗೆ ಕೂತಿರಿ. ಯಜಮಾನ್ರ ಹತ್ರ ಒಂದೆರಡು ಮಾತಾಡ್ಬೇಕು" ಎಂದರು.

ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಕಾಯಿಲೆ ನನ್ನದು, ಮೆದುಳು ನನ್ನದು. ಮಾತು ಮಾತ್ರ ನನ್ನ ಗಂಡನ ಜೊತೆ. ಆ ದಿನ ನನಗದು ವಿಚಿತ್ರ ಅನ್ನಿಸಲೂ ಇಲ್ಲ.

ಕೊಟ್ಟದ್ದು ಒಂದು ಪುಟ್ಟ ಬಿಳಿ ಮಾತ್ರೆ. ಸ್ವಲ್ಪ ಸ್ವಲ್ಪವೇ ಪ್ರಮಾಣ ಏರಿಸಿದರು. ಅದು ಕೆಲಸ ಮಾಡಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆ ಸೇದಿಹೋದೀತು. ಒಂದು ಬೆಳಿಗ್ಗೆ ರೊಟ್ಟಿ ತಟ್ಟಲು ಕೂತವಳಿಗೆ ಕೈ ತಾನಾಗಿ ತಿರುಗುತ್ತಿರುವುದು ಗಮನಕ್ಕೆ ಬಂತು. ತಟ್ಟುತ್ತ ತಟ್ಟುತ್ತ ಮನೆಯಲ್ಲಿದ್ದ ಹಿಟ್ಟನ್ನೆಲ್ಲ ಖಾಲಿ ಮಾಡಿದೆ. ಗಂಡ ಬಂದು ರೊಟ್ಟಿಯ ರಾಶಿ ನೋಡಿ, "ಏನ್ ಮಾರಾಯ್ತಿ, ಊರಿಗೆಲ್ಲ ಊಟ ಹಾಕ್ತೀಯ?" ಎಂದು ನಕ್ಕರು. ಅಕ್ಕಪಕ್ಕದ ಮನೆಗಳಿಗೆ ಹಂಚಿಬಂದೆವು. ಮತ್ತೆ ಇನ್‌ಸ್ಟಿಟ್ಯೂಟಿಗೆ ಹೋಗತೊಡಗಿದೆ. ಮುಖದಲ್ಲಿ ಕಳೆ ಬಂತು, ಮಾತು ಜಾಸ್ತಿಯಾಯಿತು. ಮೊದಲಿನ ಹಾಗೆ ಆದಳು ಎಂದು ಎಲ್ಲರೂ ಹಿಗ್ಗಿದರು.

ಮೊದಲಿನ ಹಾಗೆ ನಾನು ಆಗಿರಲಿಲ್ಲ. ಅದು ಯಾರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಹುಚ್ಚು ಅಂದರೆ ಹುಚ್ಚಿನ ಹಾಗೆ ಬರುತ್ತದೆ ಎಂದು ಜನ ತಿಳಿದಿದ್ದಾರೆ. ನನಗೆ ಅದು ಉಲ್ಲಾಸದ ಹಾಗೆ ಬಂತು, ಬುದ್ಧಿ ಚುರುಕಾದ ಹಾಗೆ ಬಂತು. ಇನ್‌ಸ್ಟಿಟ್ಯೂಟಿನ ಕೆಳಗಿನ ಬೀದಿಯ ಆ ಟೀ ಅಂಗಡಿಯಲ್ಲಿ ಓಸಿ ಬರೆಯುತ್ತಾರೆಂಬುದು ನನಗೆ ಎಷ್ಟೋ ವರ್ಷದಿಂದ ಗೊತ್ತಿತ್ತು. ಗೊತ್ತಿದ್ದೂ ಅತ್ತ ಮುಖ ಮಾಡಿದವಳಲ್ಲ. ಒಂದು ದಿನ ಬಸ್ಸಿನ ನಂಬರ್ ಪ್ಲೇಟಿನಲ್ಲಿ ಒಂದು ಅಂಕಿ ಕಂಡಿತು. ಮೆಟ್ಟಿಲಿನ ಗೋಡೆಯ ಮೇಲೆ ಯಾರೋ ಸುಣ್ಣದಲ್ಲಿ ಬರೆದ ಲೆಕ್ಕದಲ್ಲೂ ಅದೇ ಅಂಕಿ. ಈ ಅಂಕಿ ನನಗಾಗಿಯೇ ಕಾಣುತ್ತಿದೆ ಅನ್ನಿಸಿತು. ಸೀದಾ ಅಂಗಡಿಗೆ ಹೋದೆ. ಅಂಗಡಿಯವರು ತಮಿಳರು, ಕಬ್ಬಿಣದ ಕಾರ್ಖಾನೆಗೆ ಬಂದ ಕುಟುಂಬದವರು. "ವಾಂಗಮ್ಮಾ, ಟೀ ಕುಡೀತೀರಾ?" ಎಂದು ಕುರ್ಚಿ ಒರೆಸಿದರು. ಟೀ ಬೇಡ, ಅಂಕಿ ಬರೆಸಬೇಕು ಎಂದೆ. ಅವರು ಒರೆಸುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು.

ಆ ಅಂಕಿ ಬೀಳಲಿಲ್ಲ. ಬೀಳದಿದ್ದರೂ ಏನೂ ಅನ್ನಿಸಲಿಲ್ಲ. ಇದನ್ನು ನಾನು ಎಷ್ಟು ಜನಕ್ಕೆ ಹೇಳಿದರೂ ಅರ್ಥವಾಗುವುದಿಲ್ಲ. ಸೋತರೆ ಹೊಟ್ಟೆಯಲ್ಲಿ ಒಂದು ಕಸಿವಿಸಿ ಆಗಬೇಕಲ್ಲ, ಇನ್ನು ಸಾಕು ಎಂದು ಹೇಳುವ ಒಂದು ಚುರುಕು? ಅದು ಇರಲೇ ಇಲ್ಲ. ಯಾರೋ ಅದನ್ನು ಕಿತ್ತುಹಾಕಿದ್ದರು. ಇದ್ದದ್ದು ಕಾಯುವ ಸುಖ ಒಂದೇ. ಅಂಕಿ ಬರೆಸಿ ಅದು ಬೀಳುವವರೆಗಿನ ಆ ಹೊತ್ತಿನಲ್ಲಿ ಲೋಕವೆಲ್ಲ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಗೆದ್ದಾಗ ಕೂಡ ಅಷ್ಟು ಖುಷಿಯಾಗುತ್ತಿರಲಿಲ್ಲ.

ಓಸಿ ಒಂದೇ ಅಲ್ಲ. ಯಾವುದಕ್ಕೂ ಹಿಂದೆ ಮುಂದೆ ನೋಡದವಳಾದೆ. ಅಂಕಿ ಬರೆಯುವುದು ಮುಗಿಯುವುದರೊಳಗೆ ತಲುಪಬೇಕೆಂದು ರೈಲ್ವೆ ಗೇಟು ಹಾಕಿದ್ದಾಗ ಸೀರೆ ಎತ್ತಿಕಟ್ಟಿ ಅಡ್ಡಕಂಬಿಯ ಕೆಳಗೆ ನುಸುಳಿ ಹಳಿ ದಾಟಿದ್ದೇನೆ. ರೈಲು ಕಾಣುತ್ತಿತ್ತು. ಗೇಟಿನವರು ಬೈಯುತ್ತಿದ್ದರು. ನಾನು ನಗುತ್ತಿದ್ದೆ. ಅಮ್ಮನ ಬಳೆಗಳನ್ನು ಮಾರಿದೆ. ನೆನಪಿಗೆಂದು ಇಟ್ಟುಕೊಂಡಿದ್ದ ಹಳೆಯ ಟೈಪ್‌ರೈಟರುಗಳನ್ನೂ ಗುಜರಿಯವರಿಗೆ ಕೊಟ್ಟೆ. ಅವರು ಅವನ್ನು ಗಾಡಿಗೆ ಎಸೆದಾಗ ಕೀಲಿಗಳು ಝಲ್ಲೆಂದ ಸದ್ದು ಈಗ ನೆನೆದರೆ ಮೈ ಉರಿಯುತ್ತದೆ. ಅವತ್ತು ಉರಿಯಲಿಲ್ಲ. ಗಾಡಿಯ ನಂಬರು ನೋಡುತ್ತ ನಿಂತಿದ್ದೆ.

ಹೀಗಿರುವಾಗ ಆ ನಾಮಕರಣದ ದಿನ ಪೊಲೀಸರು ಅಂಗಡಿಗೆ ನುಗ್ಗಿದರು. ಒಳಗಿದ್ದ ಗಂಡಸರೆಲ್ಲ ಹಿಂಬಾಗಿಲಿಗೆ ಓಡಿದರು. ನಾನು ಕೂತಲ್ಲೇ ಕೂತಿದ್ದೆ. ಮುಂದೆ ಬಂದ ಪೊಲೀಸು ನನ್ನನ್ನು ನೋಡಿ ಟೋಪಿ ತೆಗೆದ.

"ಮೇಡಂ, ನೀವಾ?"

ನನ್ನ ಹಳೆಯ ವಿದ್ಯಾರ್ಥಿ. ನೇಮಕಾತಿಗೆ ಮುಂಚೆ ನನ್ನ ಹತ್ತಿರ ಟೈಪಿಂಗ್ ಕಲಿತು ಹೋದವನು. ಅವನ ಮುಖ ನನಗಿಂತ ಹೆಚ್ಚು ಕೆಂಪಾಗಿತ್ತು. ದನಿ ತಗ್ಗಿಸಿ, "ಯಾರನ್ನಾದ್ರೂ ಹುಡುಕ್ಕೊಂಡು ಬಂದಿದ್ರಾ ಮೇಡಂ? ಹಾಗಂತ ಹೇಳಿಬಿಡಿ. ನಾನು ಬಸ್ಸಿಗೆ ಹತ್ತಿಸ್ತೀನಿ" ಎಂದ.

ನಾನು ಹೇಳಿದ್ದು ಇಷ್ಟು: "ಸ್ವಲ್ಪ ತಡಿಯಪ್ಪಾ. ಇನ್ನೂ ಅಂಕಿ ಬಿದ್ದಿಲ್ಲ."

ಸ್ಟೇಷನ್ನಿನಲ್ಲಿ ನನಗೆ ಕುರ್ಚಿ ಕೊಟ್ಟು, ಫ್ಯಾನು ಹಾಕಿ, ಗಂಡನಿಗೆ ಫೋನು ಮಾಡಿದರು. ಸಿಕ್ಕಿಬಿದ್ದ ಉಳಿದವರು ನೆಲದ ಮೇಲೆ. ಕಾಗದನಗರದ ಮಗಳು, ನಾಲ್ಕು ಜನಕ್ಕೆ ವಿದ್ಯೆ ಹೇಳಿದವಳು ಅಲ್ಲಿ ಕೂತು ಯೋಚಿಸಬೇಕಾದದ್ದು ಮಾನದ ವಿಷಯ. ನಾನು ಯೋಚಿಸುತ್ತಿದ್ದದ್ದು ಅಂಕಿ ಏನು ಬಂತು ಎಂದು. ಗಂಡ ಬಂದು ಬಾಗಿಲಲ್ಲಿ ನಿಂತಾಗಲೂ ಪಕ್ಕದಲ್ಲಿದ್ದ ಕಾನ್‌ಸ್ಟೇಬಲನ್ನು ಅದನ್ನೇ ಕೇಳುತ್ತಿದ್ದೆ. ಅವರು ಅದನ್ನು ಕೇಳಿಸಿಕೊಂಡರು. ಸ್ಕೂಟರಿನಲ್ಲಿ ಕೂರಿಸಿಕೊಂಡು ಶಿವಮೊಗ್ಗಕ್ಕೆ ಕರೆತಂದರು.

ಮರುದಿನ ಮನೆಯಲ್ಲಿ ಪಂಚಾಯ್ತಿ. ನನ್ನ ಗಂಡನ ಅಕ್ಕ ಬಂದರು. ವಿಧವೆ, ಒಂದು ಬೀದಿಯಾಚೆ ಅವರ ಮನೆ, ನಮ್ಮ ಮನೆತನಕ್ಕೆಲ್ಲ ಅವರದೇ ಕೊನೆಯ ಮಾತು. ಅವರನ್ನು ನಾನು ಅತ್ತಿಗೆ ಎಂದು ಕರೆಯುತ್ತೇನೆ. ಬಂದವರೇ ನನ್ನೆದುರು ಕುರ್ಚಿ ಎಳೆದುಕೊಂಡು ಕೂತರು.

"ಏನ್ ಕಡಿಮೆ ಮಾಡಿದೀವಿ ನಿಂಗೆ? ಉಣ್ಣಕ್ಕಿಲ್ವಾ, ಉಡಕ್ಕಿಲ್ವಾ?"

"ಎಲ್ಲ ಇದೆ ಅತ್ತಿಗೆ."

"ಮತ್ತೆ ಯಾಕೆ? ಹೇಳು, ಯಾಕೆ ಹೋದೆ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ. ಅದು ಸೊಕ್ಕು ಎಂದು ಅವರಿಗೆ ಕಂಡಿತು.

"ಗೊತ್ತಿಲ್ವಂತೆ! ಕೈ ನೆಟ್ಟಗಾಗಿದ್ದೇ ತಡ, ಕಾಲು ಅಂಗಡಿ ಕಡೆ ಓಡ್ತು. ಕಾಯಿಲೆಯವಳು ಅಂತ ಸುಮ್ನಿದ್ರೆ ತಲೆ ಮೇಲೆ ಕೂತ್ಲು." ತಮ್ಮನ ಕಡೆ ತಿರುಗಿ, "ನೀನು ಸದರ ಕೊಟ್ಟಿದ್ದೇ ಜಾಸ್ತಿ ಆಯ್ತು" ಎಂದರು.

ಗಂಡ ತಲೆ ತಗ್ಗಿಸಿ ಕೂತಿದ್ದರು. ದಾವಣಗೆರೆಯಿಂದ ಮಗಳು ಫೋನಿನಲ್ಲಿ ಅಳುತ್ತಿದ್ದಳು. "ಅಮ್ಮಾ, ಹೀಗೆ ಮಾಡ್ಬೇಡಮ್ಮಾ" ಅನ್ನುವುದು ಬಿಟ್ಟು ಅವಳಿಗೆ ಬೇರೆ ಮಾತು ಬರಲಿಲ್ಲ.

ಆಣೆ ಮಾಡಿಸಬೇಕು ಎಂದು ಅತ್ತಿಗೆ ತೀರ್ಮಾನಿಸಿದರು. ಬೇರೆ ಯಾವ ದೇವರ ಮುಂದೆಯೂ ಅಲ್ಲ, ನನ್ನ ಕೊರಳಿನ ಲಿಂಗದ ಮೇಲೆಯೇ. ನಮ್ಮಲ್ಲಿ ಲಿಂಗ ಕಟ್ಟಿಕೊಂಡವರಿಗೆ ಅದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ. ಗಂಡ ಮಕ್ಕಳೂ ಅದಕ್ಕಿಂತ ಆಚೆಯವರೇ. ಸ್ನಾನ ಮಾಡಿ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಹಿಡಿದು, ಇನ್ನು ಆ ಕಡೆ ಹೋಗುವುದಿಲ್ಲ ಎಂದು ಹೇಳಿದೆ. ಸುಳ್ಳು ಹೇಳಲಿಲ್ಲ. ಹೇಳುವಾಗ ಪೂರ್ತಿ ಮನಸ್ಸಿಟ್ಟೇ ಹೇಳಿದೆ. ಆಣೆ ಮುಗಿದ ಮೇಲೆ ಅತ್ತಿಗೆ ತಾವೇ ಎದ್ದು ನೀರು ತಂದು, ತಮ್ಮ ಕೈಯಾರೆ ನನಗೆ ಆ ಬಿಳಿ ಮಾತ್ರೆ ಕೊಟ್ಟರು. "ಮಾತ್ರೆ ಮಾತ್ರ ತಪ್ಪಿಸ್ಬೇಡ. ಆರೋಗ್ಯ ಮುಖ್ಯ" ಎಂದರು.

ಒಂದು ವಾರವೂ ಕಳೆಯಲಿಲ್ಲ. ಓಸಿ ಬರೆಯುವವರಿಗೆ ಫೋನಿನಲ್ಲಿ ಅಂಕಿ ಹೇಳಿದೆ. ಲಿಂಗ ಕೊರಳಲ್ಲೇ ಇತ್ತು.

ಜೂಜಾಡಿದ್ದನ್ನು ನಾನು ಮರೆಯಬಲ್ಲೆ. ಆಣೆ ತಪ್ಪಿದ್ದನ್ನು ಮರೆಯಲಾರೆ. ಅದನ್ನು ನನ್ನಿಂದ ಮಾಡಿಸಿದವರ ಮೇಲಿನ ಸಿಟ್ಟನ್ನೂ ಬಿಡಲಾರೆ. ಕಾಲು ಮುರಿದವಳನ್ನು ನಿಲ್ಲಿಸಿ, ಓಡುತ್ತೇನೆಂದು ದೇವರ ಮೇಲೆ ಆಣೆ ಮಾಡು ಎಂದು ಯಾರೂ ಹೇಳುವುದಿಲ್ಲ. ಬಿದ್ದರೆ ಭಕ್ತಿ ಸಾಲದು ಎಂದು ಬೈಯುವುದೂ ಇಲ್ಲ. ಮನಸ್ಸಿಗೆ ಆದದ್ದಕ್ಕೆ ಮಾತ್ರ ಅದೇ ನ್ಯಾಯ.

ಆಣೆ ಮುರಿದದ್ದು ಗೊತ್ತಾದ ಮೇಲೆ ನನ್ನನ್ನು ಕುಂಸಿ ದಾರಿಯಲ್ಲಿರುವ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದರು. ಮುಂದೆ ಕುಡಿತ ಬಿಡಿಸುವ ಗಂಡಸರ ವಾರ್ಡು, ಹಿಂದೆ ಹೆಂಗಸರಿಗೆ ಒಂದು ಚಿಕ್ಕ ಕೋಣೆ. ಬೆಳಗಿನ ತಿಂಡಿಯಾದ ಕೂಡಲೇ ಅಲ್ಲಿನ ಮೇಲ್ವಿಚಾರಕಿ ಎಲ್ಲರಿಗೂ ಮಾತ್ರೆ ಹಂಚುತ್ತಿದ್ದರು. ನುಂಗಿದೆವೋ ಇಲ್ಲವೋ ಎಂದು ಬಾಯಿ ತೆರೆಸಿ ನೋಡುತ್ತಿದ್ದರು. ನನ್ನ ಬಿಳಿ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಲಿಲ್ಲ. ನಾನು ಅದನ್ನು ನುಂಗಿದ ಮೇಲೆ ಹಜಾರದಲ್ಲಿ ಚಾಪೆ ಹಾಸಿ ಕೂರಿಸಿ, ಇಚ್ಛಾಶಕ್ತಿಯ ಬಗ್ಗೆ ಉಪನ್ಯಾಸ. ಮನಸ್ಸಿದ್ದರೆ ಮಾರ್ಗ, ಇಂದ್ರಿಯಗಳನ್ನು ಕುದುರೆಯ ಹಾಗೆ ಲಗಾಮು ಹಾಕಿ ಹಿಡಿಯಬೇಕು ಎಂದೆಲ್ಲ ಒಬ್ಬರು ಹೇಳುತ್ತಿದ್ದರು. ಕುದುರೆಗೆ ಚಾಟಿ ಕೊಟ್ಟ ಮೇಲೆ ಸವಾರನಿಗೆ ಬೈಯುವ ಉಪನ್ಯಾಸ ಅದು. ಈಗ ಹೀಗೆ ಬರೆಯುತ್ತೇನೆ. ಆಗ ಕೈಮುಗಿದು ಕೇಳುತ್ತಿದ್ದೆ, ಕಣ್ಣೀರು ಸುರಿಸುತ್ತಿದ್ದೆ, ನಾನು ಕೆಟ್ಟವಳು ಎಂದು ನಂಬಿದ್ದೆ.

ಅಷ್ಟು ನಂಬಿದವಳು ಮಧ್ಯಾಹ್ನ ಏನು ಮಾಡುತ್ತಿದ್ದೆ ಗೊತ್ತೆ? ಹಿಂದಿನ ಕೋಣೆಯ ಕಿಟಕಿಯಿಂದ ರಸ್ತೆ ಕಾಣುತ್ತಿತ್ತು. ಮುಂದೆ ಬರುವುದು ಕೆಂಪು ಬಸ್ಸೋ ಪ್ರೈವೇಟ್ ಬಸ್ಸೋ ಎಂದು ಉಳಿದ ಹೆಂಗಸರ ಜೊತೆ ಬಾಜಿ ಕಟ್ಟುತ್ತಿದ್ದೆ. ದುಡ್ಡು ಇರಲಿಲ್ಲ, ಅಡುಗೆಮನೆಯ ಹುಣಸೆ ಬೀಜವೇ ಬಂಡವಾಳ. ಎರಡೇ ದಿನದಲ್ಲಿ ನಿದ್ದೆ ಮಾತ್ರೆಯ ಚಟ ಬಿಡಿಸಿಕೊಳ್ಳಲು ಬಂದವರೂ ಕಿಟಕಿಗೆ ಮುತ್ತಿಕೊಂಡು, "ಕೆಂಪು, ಕೆಂಪು" ಎಂದು ಕೂಗತೊಡಗಿದರು. ಮೇಲ್ವಿಚಾರಕಿ ಬಂದು ನೋಡಿದಾಗ ನನ್ನ ಮಡಿಲ ತುಂಬ ಹುಣಸೆ ಬೀಜ. ಅವರು ಹಣೆ ಚಚ್ಚಿಕೊಂಡು, ವಾರಕ್ಕೊಮ್ಮೆ ಬರುವ ಮನೋವೈದ್ಯರಿಗೆ ನನ್ನನ್ನು ಒಪ್ಪಿಸಿದರು.

ಆಕೆಗೆ ನನ್ನ ಮಗಳ ವಯಸ್ಸು ಇದ್ದೀತು. ಕೂರಿಸಿ, ನನ್ನ ಕಥೆಯನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ಮೊದಲ ಪ್ರಶ್ನೆ:

"ಅಮ್ಮಾ, ಮೊದಲು ಯಾವತ್ತಾದ್ರೂ ಜೂಜಾಡಿದ್ರಾ? ಚಿಕ್ಕ ವಯಸ್ಸಲ್ಲಿ? ದೀಪಾವಳಿಲಿ?"

"ಇಸ್ಪೀಟಿನ ಎಲೆ ಮುಟ್ಟಿ ಗೊತ್ತಿಲ್ಲ."

"ಕೈ ನಡುಕಕ್ಕೆ ಯಾವ ಮಾತ್ರೆ ತಗೋತೀರಿ?"

ಮೇಲ್ವಿಚಾರಕಿ ಮಾತ್ರೆಯ ಹಾಳೆ ತಂದುಕೊಟ್ಟರು. ಡಾಕ್ಟರು ಅದನ್ನು ತಿರುಗಿಸಿ ಹಿಂಬದಿ ಓದಿದರು. "ಇದು ಶುರುವಾದ ಎಷ್ಟು ಸಮಯಕ್ಕೆ ಓಸಿ ಶುರುವಾಯ್ತು? ಡೋಸು ಜಾಸ್ತಿ ಮಾಡಿದ ಮೇಲಾ?" ಎಂದರು.

ಹೌದು. ಅಷ್ಟು ಹೊತ್ತಿಗೇ. ಆ ತನಕ ಯಾರೂ ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ಆಕೆ ನಿಧಾನವಾಗಿ ಹೇಳಿದರು. "ನೋಡಿ ಅಮ್ಮಾ, ಮೆದುಳಿನ ಕಣಗಳ ಮೇಲೆ ಡೋಪಮೈನನ್ನ ಹಿಡ್ಕೊಳ್ಳೋ ಜಾಗಗಳಿರ್ತವೆ. ರಿಸೆಪ್ಟರ್ ಅಂತೀವಿ. ಈ ಮಾತ್ರೆ ಡೋಪಮೈನ್ ಥರ ವೇಷ ಹಾಕ್ಕೊಂಡು ಅಲ್ಲಿ ಹೋಗಿ ಕೂರುತ್ತೆ. ಕೈಕಾಲು ಆಡಿಸೋ ಭಾಗದಲ್ಲಿ ಕೂತ್ರೆ ನಿಮ್ ಕೈ ಸರಿಯಾಗುತ್ತೆ. ಆದ್ರೆ ಅದೇ ಥರದ ಜಾಗಗಳು ಆಸೆ ಹುಟ್ಟಿಸೋ ಭಾಗದಲ್ಲೂ ಇವೆ. ಅಲ್ಲೂ ಹೋಗಿ ಕೂರುತ್ತೆ. ಗೆಲ್ತೀನಿ ಅನ್ನೋ ಆಸೆ ಉಬ್ಬುತ್ತೆ, ಸೋತಾಗ ಕಲೀಬೇಕಾದ ಪಾಠ ಮನಸ್ಸಿಗೆ ಇಳಿಯೋದೇ ಇಲ್ಲ. ಎಲ್ಲರಿಗೂ ಹೀಗಾಗಲ್ಲ. ಕೆಲವರಿಗೆ ಆಗುತ್ತೆ. ಜೂಜು, ಕೆಲವರಿಗೆ ಸಿಕ್ಕಿದ್ದೆಲ್ಲ ಕೊಳ್ಳೋದು, ಕೆಲವರಿಗೆ ಬರೀ ತಿನ್ನೋದು."

"ಇದು ಗೊತ್ತಿರೋ ವಿಷಯವಾ ಡಾಕ್ಟ್ರೇ?"

"ಗೊತ್ತಿರೋ ವಿಷಯವೇ."

"ಹೊಸದಾಗಿ ಗೊತ್ತಾಗಿದ್ದಾ?"

ಆಕೆ ನೆಲ ನೋಡಿದರು. "ಇಲ್ಲಮ್ಮಾ. ಹಳೇದೇ."

ಅಳು ಬರುತ್ತದೆ ಅಂದುಕೊಂಡೆ. ಬಂದದ್ದು ಅಳುವಲ್ಲ. ಕಾಲಿನಿಂದ ಮೇಲಕ್ಕೆ ಒಂದು ಉರಿ ಏರಿತು. ಸ್ಟೇಷನ್ನು, ಕಟಕಟೆಯಂತಹ ಆ ಕುರ್ಚಿ, ಲಿಂಗದ ಮೇಲಿನ ಆಣೆ, ಬೆಳಿಗ್ಗೆ ಬಾಯಿ ತೆರೆದು ತೋರಿಸಿದ್ದು, ಎಲ್ಲವೂ ಗೊತ್ತಿರುವ ವಿಷಯವಂತೆ. ಯಾರಿಗೆ ಗೊತ್ತಿತ್ತು? ನನ್ನೊಬ್ಬಳನ್ನು ಬಿಟ್ಟು ಇನ್ನು ಯಾರು ಯಾರಿಗೆ?

ಮಾತ್ರೆಯನ್ನು ತಟಕ್ಕನೆ ನಿಲ್ಲಿಸಬಾರದು, ಬರೆದುಕೊಟ್ಟವರ ಹತ್ತಿರವೇ ಹೋಗಿ ಇಳಿಸಿಕೊಳ್ಳಬೇಕು ಎಂದು ಆಕೆ ಹಿರಿಯ ಡಾಕ್ಟರಿಗೆ ಫೋನು ಮಾಡಿ ಹೇಳಿ ಕಳಿಸಿದರು. ಗಂಡನೂ ನಾನೂ ಮತ್ತೆ ಅದೇ ಕೋಣೆಗೆ ಹೋದೆವು. ಈ ಸಲ ನಾನು ಎದುರಿನ ಕುರ್ಚಿಯಲ್ಲೇ ಕೂತೆ.

"ಆಯ್ತಮ್ಮ, ಇಳಿಸೋಣ" ಎಂದರು ಡಾಕ್ಟರು, ಸಕ್ಕರೆ ಕಡಿಮೆ ಹಾಕಿಕೊಳ್ಳಿ ಎಂದಷ್ಟೇ ಹಗುರವಾಗಿ.

"ಬಿ.ಪಿ. ಮಾತ್ರೆ ಕೊಟ್ಟಾಗ ಉಪ್ಪಿನಕಾಯಿ ತಿನ್ಬೇಡಿ ಅಂದ್ರಿ. ಈ ಮಾತ್ರೆಗೆ ನಿದ್ದೆ ಬರ್ಬಹುದು, ಗಾಡಿ ಓಡಿಸ್ಬೇಡಿ ಅಂದ್ರಿ. ಇದನ್ನ ಯಾಕೆ ಹೇಳ್ಲಿಲ್ಲ?"

"ನೂರೆಂಟು ಹೇಳಿದ್ರೆ ಪೇಷಂಟು ಹೆದರಿ ಮಾತ್ರೆನೇ ತಗೊಳ್ಳಲ್ಲಮ್ಮ. ಆದ್ರೂ ನಾನು ಹೇಳಿಲ್ಲ ಅನ್ಬೇಡಿ." ಅವರು ನನ್ನ ಗಂಡನ ಕಡೆ ತಿರುಗಿದರು. "ಅವತ್ತೇ ಯಜಮಾನ್ರಿಗೆ ಹೇಳಿದ್ದೆನಲ್ಲ? ಸ್ವಭಾವದಲ್ಲಿ ಏನಾದ್ರೂ ವ್ಯತ್ಯಾಸ ಕಂಡ್ರೆ, ಖರ್ಚು ಗಿರ್ಚು ಜಾಸ್ತಿ ಆದ್ರೆ ತಕ್ಷಣ ಬಂದು ಹೇಳಿ ಅಂತ?"

ನಾನು ಗಂಡನ ಮುಖ ನೋಡಿದೆ. ಅವರು, "ಹೇಳಿದ್ರು. ಸ್ವಭಾವ ಅಂದ್ರೆ ಸಿಟ್ಟು ಗಿಟ್ಟು ಅಂದ್ಕೊಂಡೆ. ನೀನು ನಗ್ತಾ ನಗ್ತಾ ಇದ್ದೆ. ಅದ್ರಲ್ಲಿ ಕಾಯಿಲೆ ಏನು ಕಾಣ್ಬೇಕು ನಂಗೆ? ನಿಂಗೆ ಹೇಳಿದ್ರೆ ಗಾಬರಿ ಆಗ್ತೀಯ ಅಂತ..." ಎಂದರು.

"ನಂಗೆ ಹೇಳಿದ್ರೆ ನಾನು ಗಾಬರಿ ಆಗ್ತಿದ್ದೆ," ಎಂದೆ. "ಗಾಬರಿಯಾಗಿ ಅವತ್ತು ಆ ಅಂಗಡಿ ಬಾಗಿಲಲ್ಲಿ ನಿಂತು, ಅಯ್ಯೋ ಇದು ನಾನಲ್ಲ, ಮಾತ್ರೆ ಅಂತ ವಾಪಸ್ ಬರ್ತಿದ್ದೆ. ಅಲ್ಲಿ ಅಂಕಿ ಬರೆಸಿದ್ರೂ ಮಾರನೇ ದಿನ ಇಲ್ಲಿಗೆ ಬಂದು ನಿಮ್ಮನ್ನ ಕೇಳ್ತಿದ್ದೆ. ನನ್ ತಲೆ ಒಳಗೆ ಏನಾಗುತ್ತೆ ಅನ್ನೋದನ್ನ ನೀವಿಬ್ರೂ ಮಾತಾಡ್ಕೊಂಡು, ನನ್ನನ್ನ ಬೆಂಚಿನ ಮೇಲೆ ಕೂರಿಸಿದ್ರಿ. ನಾನು ಸಣ್ಣ ಮಗುವಾ? ಎಮ್ಮೆಯಾ? ಮಾಲೀಕರಿಗೆ ಹೇಳಿ ಕಳಿಸೋಕೆ?"

ಡಾಕ್ಟರು, "ಸಮಾಧಾನ ಮಾಡಿ ಕರ್ಕೊಂಡು ಹೋಗಿ" ಎಂದರು. ಅದನ್ನೂ ನನಗೆ ಹೇಳಲಿಲ್ಲ, ಗಂಡನಿಗೆ ಹೇಳಿದರು.

ಮಾತ್ರೆಯನ್ನು ಇಳಿಸುತ್ತ ಬಂದರು, ಬೇರೊಂದನ್ನು ಕೊಟ್ಟರು. ಇಳಿದಂತೆಲ್ಲ ಅಂಕಿಯ ಆ ಹಸಿವು ಹೋಯಿತು. ಹೋರಾಡಿ ಗೆದ್ದೆ ಎಂದು ಹೇಳಿದರೆ ಕೇಳುವವರಿಗೆ ಚೆನ್ನಾಗಿರುತ್ತದೆ. ನಾನು ಏನೂ ಹೋರಾಡಲಿಲ್ಲ. ಜ್ವರ ಇಳಿದ ಹಾಗೆ ಇಳಿಯಿತು. ಒಂದು ದಿನ ಮುಂದೆ ಹೋಗುತ್ತಿದ್ದ ಬಸ್ಸಿನ ನಂಬರು ಬರೀ ಬಸ್ಸಿನ ನಂಬರಾಗಿ ಕಂಡಿತು. ಅಷ್ಟೇ. ಇಷ್ಟು ಸುಲಭವಾಗಿ ಹೋಗುವುದಕ್ಕೆ ನನ್ನಿಂದ ದೇವರ ಮೇಲೆ ಆಣೆ ಮಾಡಿಸಿದರಲ್ಲ ಎಂದು ಅವತ್ತು ದೇವರ ಮನೆಯಲ್ಲಿ ಕೂತು ಗಟ್ಟಿಯಾಗಿ ಅತ್ತೆ.

ಆದರೆ ಬಿಟ್ಟಿಯಾಗಿ ಹೋಗಲಿಲ್ಲ. ಇಳಿಸುವಾಗ ಕೆಲವು ವಾರ ಎದೆಯ ಮೇಲೆ ಕಲ್ಲಿಟ್ಟ ಹಾಗೆ, ಹಾಸಿಗೆಯಿಂದ ಏಳಲು ಮನಸ್ಸಿಲ್ಲ, ಸುಮ್ಮಸುಮ್ಮನೆ ದಿಗಿಲು. ಕೈಯೂ ಮತ್ತೆ ಮಂದವಾಯಿತು. ಹೊಸ ಮಾತ್ರೆ ಸ್ವಲ್ಪ ಮಟ್ಟಿಗೆ ಹಿಡಿದಿದೆ, ಆದರೆ ಆ ರೊಟ್ಟಿ ತಟ್ಟಿದ ಕೈ ಮರಳಿ ಬರಲಿಲ್ಲ. ಇನ್‌ಸ್ಟಿಟ್ಯೂಟ್ ಮುಚ್ಚಿದೆ. ಇದನ್ನು ಎಡಗೈಯ ಒಂದೇ ಬೆರಳಿನಿಂದ, ಕೀಲಿಮಣೆ ನೋಡಿ ನೋಡಿ ಕುಟ್ಟುತ್ತಿದ್ದೇನೆ. ಹೀಗೆ ಟೈಪು ಮಾಡುವವರ ಬೆನ್ನಿಗೆ ನಾನು ಸ್ಕೇಲಿನಿಂದ ತಟ್ಟುತ್ತಿದ್ದೆ. ಮೊದಲೇ ಕೇಳಿದ್ದರೆ, ಕೈ ಬೇಕೋ ಬುದ್ಧಿ ಬೇಕೋ ಎಂದು ನಾನೇ ಆರಿಸುತ್ತಿದ್ದೆ. ಪ್ರಾಯಶಃ ಕೈಯನ್ನೇ ಕೇಳುತ್ತಿದ್ದೆ, ಕಡಿಮೆ ಡೋಸಿನಲ್ಲಿ, ಮಗಳ ಕೈಗೆ ದುಡ್ಡಿನ ವ್ಯವಹಾರವೆಲ್ಲ ಕೊಟ್ಟು, ಕಣ್ಣಿಡಿ ಎಂದು ಹೇಳಿ. ಏನೋ ಒಂದು ದಾರಿ ಇತ್ತು. ಆ ದಾರಿ ನನಗೆ ತೋರಿಸಲಿಲ್ಲ.

ಅತ್ತಿಗೆ ಇವತ್ತಿಗೂ ನಂಬಿಲ್ಲ. "ಮಾತ್ರೆಯಂತೆ, ಮಾತ್ರೆ! ನಾನೂ ದಿನಾ ಮಾತ್ರೆ ನುಂಗ್ತೀನಿ, ನಾನ್ಯಾಕೆ ಓಸಿ ಆಡಲ್ಲ?" ಎಂದು ಬಂದವರ ಮುಂದೆ ಕೇಳುತ್ತಾರೆ. ನಾನು ಅವರ ಮನೆಗೆ ಹೋದರೆ ಮೇಜಿನ ಮೇಲಿನ ಪರ್ಸು ಬೀರುವಿಗೆ ಹೋಗುತ್ತದೆ. ಬೀಗದ ಸದ್ದು ನನಗೆ ಕೇಳಲಿ ಎಂದೇ ಹಾಕುತ್ತಾರೆ. ಮೊದಮೊದಲು ನುಂಗಿಕೊಂಡೆ. ಈಗ ಆ ಮನೆಗೆ ಹೋಗುವುದನ್ನೇ ಬಿಟ್ಟಿದ್ದೇನೆ. ಯಾಕೆ ಬರಲ್ಲ ಎಂದು ಗಂಡನ ಹತ್ತಿರ ಕೇಳಿ ಕಳಿಸಿದರು. ಬೀಗ ತೆಗೆದರೆ ಬರುತ್ತೇನೆ ಎಂದು ಹೇಳಿ ಕಳಿಸಿದೆ. ಗಂಡ ಆ ಮಾತನ್ನು ಒಂದಕ್ಷರ ಬಿಡದೆ ಅಕ್ಕನಿಗೆ ಹೇಳಿಬಂದರು. ಅವರ ಮಟ್ಟಿಗೆ ಅದು ದೊಡ್ಡ ಕೆಲಸ, ಒಪ್ಪುತ್ತೇನೆ.

ತಪಾಸಣೆಗೆ ಈಗಲೂ ಆ ಹಿರಿಯ ಡಾಕ್ಟರ ಆಸ್ಪತ್ರೆಗೇ ಹೋಗುತ್ತೇನೆ. ನಮ್ಮೂರಿನಲ್ಲಿ ಬೇರೆ ಯಾರಿದ್ದಾರೆ ಎಂದು ಹೋಗಲಿ? ಹೋದಾಗ ಸರದಿ ಬರುವವರೆಗೆ ಸುಮ್ಮನೆ ಕೂರುವುದಿಲ್ಲ. ಕೈ ನಡುಗುವವರನ್ನು ಕಂಡರೆ ಪಕ್ಕದಲ್ಲಿ ಹೋಗಿ ಕೂರುತ್ತೇನೆ, ಯಾವ ಮಾತ್ರೆ ಎಂದು ವಿಚಾರಿಸುತ್ತೇನೆ, ನನಗಾದದ್ದನ್ನು ಹೇಳುತ್ತೇನೆ. ನಿಲ್ಲಿಸಬೇಡಿ, ಆದರೆ ಹೀಗೇನಾದರೂ ಅನ್ನಿಸಿದರೆ ಒಳಗೆ ಹೋಗಿ ಬಾಯಿಬಿಟ್ಟು ಹೇಳಿ ಎನ್ನುತ್ತೇನೆ. ಹೋದ ಸಲ ಭದ್ರಾವತಿಯ ಒಬ್ಬ ನಿವೃತ್ತ ಕಾರ್ಮಿಕರು ಹೆಂಡತಿಯ ಜೊತೆ ಬಂದಿದ್ದರು. ನನ್ನ ಕಥೆ ಕೇಳುತ್ತ ಕೇಳುತ್ತ ಅವರ ನಗು ನಿಂತಿತು. ಹೆಂಡತಿ ಅವರ ಕಡೆ ತಿರುಗಿ, "ಹೇಳ್ರೀ ಮತ್ತೆ. ಹಗಲೆಲ್ಲ ಆ ಫೋನು ಹಿಡ್ಕೊಂಡು ಏನು ಕುಟ್ತಿರ್ತೀರ ಹೇಳಿ" ಎಂದರು. ಆತ ಜೇಬಿನಿಂದ ಫೋನು ತೆಗೆದು ಹೆಂಡತಿಯ ಕೈಗಿಟ್ಟರು. ಕಣ್ಣು ತುಂಬಿದವು. ಸರದಿ ಬಂದಾಗ ಇಬ್ಬರೂ ಒಟ್ಟಿಗೇ ಒಳಗೆ ಹೋದರು.

ಕೌಂಟರಿನ ಹುಡುಗಿ ಬಂದು, "ಮೇಡಂ, ಪೇಷಂಟ್ಸಿಗೆ ಹೆದರಿಸ್ಬೇಡಿ ಅಂತ ಡಾಕ್ಟ್ರು ಹೇಳಿದಾರೆ" ಎಂದಳು. "ಡಾಕ್ಟ್ರು ಮೊದ್ಲೇ ಹೇಳ್ಲಿ, ನಾನು ಸುಮ್ಮನಾಗ್ತೀನಿ" ಎಂದೆ. ಇನ್ನೊಂದು ಬೆಂಚಿಗೆ ಎದ್ದು ಹೋದೆ.

ವಾಪಸು ಬರುವಾಗ ಗಂಡ ಸ್ಕೂಟರು ನಿಧಾನ ಮಾಡಿ ಕೇಳಿದರು. "ಇನ್ನೂ ಎಷ್ಟು ದಿನ ಮಾರಾಯ್ತಿ ಈ ಸಿಟ್ಟು? ಆಗಿದ್ದು ಆಗೋಯ್ತಲ್ಲ. ಮೈಗೆ ಒಳ್ಳೇದಲ್ಲ ಇದು."

"ಇರ್ಲಿ ಬಿಡಿ," ಎಂದೆ. "ಇದು ನನ್ನದೇ ಸಿಟ್ಟು. ಯಾವ ಮಾತ್ರೆದೂ ಅಲ್ಲ."

ಅವರು ಸ್ಕೂಟರಿನ ವೇಗ ಮತ್ತೆ ಏರಿಸಿದರು. ಆಮೇಲೆ, ಮುಂದಿನ ತಿಂಗಳು ತಾನೂ ಬೆಂಚಿನ ಮೇಲೆ ಕೂತು, ಹೆಂಡತಿಯರನ್ನು ಕರೆತಂದ ಯಜಮಾನರುಗಳಿಗೆ ಹೇಳುತ್ತೇನೆ ಎಂದರು.